ಗಾಳಿಕುನ್ನಿ ದತ್ತು: ಈ ಸಲ ಆರು ಮರಿ ಇವೆ, ಪೂರ್ತಿ ಓದಿ ಆಮೇಲೆ ಕೇಳಿ

ಕಿನ್ನಾಳ ರಸ್ತೆ:
ಎಲ್ಲರಿಗೂ ನಮಸ್ಕಾರ. ಹೋದ ಸಲ ಹಾಕಿದ ನಾಲ್ಕು ಗಾಳಿಕುನ್ನಿ ಒಂದೇ ಸಂಜೆಗೆ ಖಾಲಿ ಆದವು, ಆಮೇಲೆ ಬಂದವರಿಗೆಲ್ಲ ಇಲ್ಲ ಅಂತ ಹೇಳಿ ಹೇಳಿ ಸಾಕಾಯಿತು. ಈ ಸಲ ಆರು ಇವೆ. ಹೊಸಬರಿಗೆ ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಹೋದ ಸಲ ಒಬ್ಬರು ಲಸಿಕೆ ಹಾಕಿಸಿದ್ದೀರಾ ಅಂತ ಕೇಳಿದ್ದರು. ಇವು ನಿಜವಾದ ನಾಯಿ ಅಲ್ಲ. ನಾನು ಮನಸ್ಸಿನಲ್ಲಿ ಕಟ್ಟಿದ ತಳಿ. ಮೈ ನಾಯಿಯದು, ಬೆನ್ನ ಮೇಲೆ ರೆಕ್ಕೆ. ಒಂದೊಂದು ಕುನ್ನಿಗೆ ಒಂದು ಚಿತ್ರ, ಜೊತೆಗೆ ಅದರ ಸ್ವಭಾವದ ಬಗ್ಗೆ ನಾಲ್ಕು ಸಾಲು. ದತ್ತು ತಗೊಂಡರೆ ಆ ಕುನ್ನಿ ನಿಮ್ಮದು. ಹೆಸರು ಇಡಿ, ಕಥೆ ಬರೆಯಿರಿ, ಬೇರೆ ಕಲಾವಿದರ ಹತ್ತಿರ ಚಿತ್ರ ಬರೆಸಿ. ಅದನ್ನು ನಾನು ಇನ್ನೊಬ್ಬರಿಗೆ ಕೊಡುವುದಿಲ್ಲ.

ಇವು ಇರುವುದು ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡದ ಮೇಲೆ, ಮೊರೇರ ಮನೆಗಳಲ್ಲಿ, ಅಂದರೆ ತೀರಾ ಹಳೇ ಕಾಲದ ಕಲ್ಲುಗೋರಿಗಳಲ್ಲಿ. ಹೋದವರು ನೋಡಿರುತ್ತೀರಿ, ಆ ಕಲ್ಲುಮನೆಗಳ ಒಂದು ಚಪ್ಪಡಿಯಲ್ಲಿ ದುಂಡಗೆ ತೂತು ಕೊರೆದಿರುತ್ತಾರೆ. ನಾನು ಮೊದಲ ಸಲ ಹೋದಾಗ ಮಧ್ಯಾಹ್ನ, ಒಂದು ತೂತಿನ ಒಳಗೆ ಬರೀ ಕತ್ತಲು. ಅಲ್ಲಿಂದ ಒಂದು ಒದ್ದೆ ಮೂಗು ಹೊರಗೆ ಬಂದರೆ ಹೇಗಿರುತ್ತದೆ ಅನ್ನಿಸಿತು. ಶುರುವಾಗಿದ್ದು ಅಷ್ಟರಿಂದಲೇ.

ಬಣ್ಣದಲ್ಲಿ ಎರೆಮಣ್ಣಿನ ಕಪ್ಪು, ಸೊಂಡೂರಿನ ಕೆಂಪು ಸಾಮಾನ್ಯ. ಶಕ್ತಿನಗರದ ಹಾರುಬೂದಿ ಬಣ್ಣ ಸ್ವಲ್ಪ ಅಪರೂಪ. ಹಟ್ಟಿ ಚಿನ್ನದ ಬಣ್ಣ ತೀರಾ ಅಪರೂಪ, ಈ ಸಲ ಒಂದೇ ಒಂದು. ರೆಕ್ಕೆ ಗರಿಯದೂ ಇದೆ, ತೊಗಲಿನದೂ ಇದೆ. ನಾಲ್ಕು ಕುನ್ನಿ ಪುಕ್ಕಟೆ, ಎರಡಕ್ಕೆ ತಲಾ 300 ರೂಪಾಯಿ.

ಇನ್ನು ನಿಯಮ. ಇದು ಕ್ಲೋಸ್ಡ್ ಸ್ಪೀಷೀಸ್, ಅಂದರೆ ಮುಚ್ಚಿದ ತಳಿ. ನನ್ನನ್ನು ಕೇಳದೆ ಯಾರೂ ಹೊಸ ಗಾಳಿಕುನ್ನಿ ಮಾಡುವ ಹಾಗಿಲ್ಲ. ಪುಕ್ಕಟೆ ತಗೊಂಡದ್ದನ್ನು ಮಾರಬಾರದು, ದುಡ್ಡು ಕೊಟ್ಟು ತಗೊಂಡದ್ದನ್ನು ಕೊಟ್ಟ ಬೆಲೆಗಿಂತ ಜಾಸ್ತಿಗೆ ಮಾರಬಾರದು. ಬೇಡ ಅನ್ನಿಸಿದರೆ ನನಗೆ ಹೇಳಿ, ಇನ್ನೊಂದು ಮನೆ ಹುಡುಕೋಣ.

ಸಿಂಧನೂರು ಸೋನಾ:
ಅಕ್ಕಾ 3ನೇದು ನನಗೆ!! ಆ ಕಿವಿ ಒಂದು ನೆಟ್ಟಗೆ ಒಂದು ಮಡಚಿ ಇದೆಯಲ್ಲ ಅದು. ಪುಕ್ಕಟೆದೇ ಅಲ್ವಾ? ಹೆಸರು ಆಗಲೇ ಇಟ್ಟಾಯಿತು, ಚುರುಮುರಿ.

ಬಳ್ಳಾರಿ ಬಿಸಿಲು:
ತಪ್ಪು ತಿಳಿಯಬೇಡಿ, ನನಗೆ ನಿಜವಾಗಿ ಅರ್ಥ ಆಗುತ್ತಿಲ್ಲ. ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆದರೆ ಅದೇ ಚಿತ್ರ ನನ್ನ ಹತ್ತಿರವೂ ಬರುತ್ತದೆ. ಮತ್ತೆ 300 ರೂಪಾಯಿ ಯಾವುದಕ್ಕೆ? ನಮ್ಮೂರಲ್ಲಿ ಇನ್ನೊಂದಿಷ್ಟು ಸೇರಿಸಿದರೆ ಜೀನ್ಸ್ ಪ್ಯಾಂಟೇ ಬರುತ್ತದೆ, ಅದನ್ನು ಹಾಕಿಕೊಂಡಾದರೂ ತಿರುಗಬಹುದು.

ತುಂಬಿದ ಕಾಲುವೆ:
ಬಿಸಿಲಣ್ಣ, ಸ್ಕ್ರೀನ್‌ಶಾಟ್ ತೆಗೆದರೆ ಚಿತ್ರ ಬರುತ್ತದೆ, ಕುನ್ನಿ ಬರುವುದಿಲ್ಲ. ಅಕ್ಕನ ಹತ್ತಿರ ಮಾಸ್ಟರ್‌ಲಿಸ್ಟ್ ಅಂತ ಒಂದು ಪಟ್ಟಿ ಇದೆ. ಯಾವ ನಂಬರಿನ ಕುನ್ನಿ ಯಾರ ಹತ್ತಿರ, ಮೊದಲು ಯಾರ ಹತ್ತಿರ ಇತ್ತು, ಎಲ್ಲ ಅದರಲ್ಲಿ ಇರುತ್ತದೆ. ಹೊಲದ ಪಹಣಿ ಇದ್ದ ಹಾಗೆ ಅಂದುಕೊಳ್ಳಿ. ಹೊಲದ ಫೋಟೋ ಯಾರು ಬೇಕಾದರೂ ತೆಗೆಯಬಹುದು. ನಾನು ಮೂರು ವರ್ಷದಿಂದ ಹೊರದೇಶದವರ ತಳಿಗಳನ್ನು ದತ್ತು ತಗೊಳ್ಳುತ್ತಿದ್ದೇನೆ. ಅಲ್ಲಿ ಹರಾಜೂ ಇರುತ್ತದೆ. ಶುರುವಿನ ಬಿಡ್ ಇಷ್ಟು, ಇಷ್ಟು ಕೊಟ್ಟರೆ ಕಾಯದೆ ನಿಮಗೇ ಅಂತ ಆಟೋಬೈ ಬೇರೆ. ಅಪರೂಪದ ಬಾಲಕ್ಕೆ ಜನ ಕೊಡುವ ದುಡ್ಡು ಕೇಳಿದರೆ ನೀವು ಬಿಸಿಲಿಲ್ಲದೆಯೂ ತಲೆತಿರುಗಿ ಬೀಳುತ್ತೀರಿ.

ಬಳ್ಳಾರಿ ಬಿಸಿಲು:
ಪಹಣಿ ಅಂದರೆ ಸ್ವಲ್ಪ ತಿಳಿಯಿತು. ಆದರೂ ಪಹಣಿ ಕೊಡುವವರೇ ಹೊಲ ಮಾರುವವರು ಆದರೆ ಹೇಗೆ?

ಹಕ್ಕಿ ನೋಡುವವ:
ನಾನು ದತ್ತು ಕೇಳಲು ಬಂದಿಲ್ಲ, ಸುಮ್ನೆ ಚಿತ್ರ ನೋಡಿ ಕೈ ತಡೆಯಲಿಲ್ಲ. ಕಿನ್ನಾಳ ರಸ್ತೆಯವರೇ, ಕುನ್ನಿ ಚಂದ ಇದೆ. ಆದರೆ ರೆಕ್ಕೆ ಹೆಗಲ ಮೇಲೆ ತಂದು ಅಂಟಿಸಿದ ಹಾಗಿದೆ. ಹಕ್ಕಿಗೆ ರೆಕ್ಕೆಯೇ ಅದರ ಮುಂಗಾಲು. ಬಾವಲಿಗೆ ಅದು ಕೈ, ಉದ್ದ ಬೆರಳುಗಳ ನಡುವೆ ತೊಗಲು. ನಿಮ್ಮ ಕುನ್ನಿಗೆ ನಾಲ್ಕು ಕಾಲು ಪ್ಲಸ್ ಎರಡು ರೆಕ್ಕೆ, ಒಟ್ಟು ಆರು. ಬೆನ್ನುಮೂಳೆ ಇರುವ ಯಾವ ಪ್ರಾಣಿಗೂ ಹಾಗಿಲ್ಲ. ಇರಲಿ, ಕಲ್ಪನೆ ಅಲ್ವಾ, ಬಿಡೋಣ. ಆದರೆ ಎದೆ ನೋಡಿ. ಹಾರುವ ಹಕ್ಕಿಯ ಎದೆಮೂಳೆ ದೋಣಿಯ ತಳದ ಹಾಗೆ ಮುಂದಕ್ಕೆ ಚಾಚಿರುತ್ತದೆ, ರೆಕ್ಕೆ ಬಡಿಯುವ ದಪ್ಪ ಮಾಂಸ ಹಿಡಿದಿರುವುದು ಅಲ್ಲೇ. ನೀವು ಬೀದಿನಾಯಿಯ ಸಪೂರ ಎದೆ ಕೊಟ್ಟಿದ್ದೀರಿ. ಕೋಳಿಯ ಎದೆ ಕೈಯಲ್ಲಿ ಹಿಡಿದು ನೋಡಿದರೆ ಗೊತ್ತಾಗುತ್ತದೆ.

ತೂಕದ ಲೆಕ್ಕವೂ ಇದೆ. ನಮ್ಮ ಬಯಲಿನ ತೋಳ ಸುಮಾರು 20 ಕೆಜಿ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಅವುಗಳಿಗೆ ಅಂತಲೇ 332 ಹೆಕ್ಟೇರ್ ವನ್ಯಜೀವಿ ಧಾಮ ಇದೆ. ಸಿರುಗುಪ್ಪ ಕಡೆಯ ಎರೆಹೊಲಗಳಲ್ಲಿ ಕಾಣಿಸಿದ ಎರ್ಲಡ್ಡು, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಹಾರುವ ಹಕ್ಕಿಗಳಲ್ಲಿ ತೀರಾ ಭಾರದವುಗಳಲ್ಲಿ ಒಂದು, ಗಂಡು 15 ಕೆಜಿ ತನಕ ತೂಗುತ್ತದೆ. ಅದೂ ಓಡಿ ಓಡಿ ಕಷ್ಟಪಟ್ಟು ಮೇಲೇಳುತ್ತದೆ. ಹಾಗಾಗಿ ಕುನ್ನಿ ತೋಳದಷ್ಟು ದೊಡ್ಡದಾದರೆ ಏಳುವುದೇ ಇಲ್ಲ. ಆರು ಕೆಜಿ ಇಟ್ಟುಕೊಳ್ಳಿ, ರಣಹದ್ದಿನ ತೂಕ. ಆಗ ರೆಕ್ಕೆ ಬಿಚ್ಚಿದರೆ ಎರಡು ಮೀಟರ್ ಮೀರಬೇಕು. ನಿಮ್ಮ ಚಿತ್ರದಲ್ಲಿ ಅದರ ಅರ್ಧವೂ ಇಲ್ಲ.

ಇನ್ನೊಂದು ಮಾತು. ಚಿತ್ರದ ಜೊತೆಗಿನ ಸಾಲುಗಳಲ್ಲಿ ರಾತ್ರಿ ಹಾರುತ್ತದೆ ಅಂತ ಬರೆದಿದ್ದೀರಿ. ರಣಹದ್ದಿನಂಥ ಭಾರದ ಹಕ್ಕಿಗಳು ಹಾರುವುದು ಬಿಸಿಲೇರಿದ ಮೇಲೆ. ಕಲ್ಲುಗುಡ್ಡ ಕಾದು ಬಿಸಿಗಾಳಿ ಮೇಲಕ್ಕೆ ಏಳುತ್ತದಲ್ಲ, ಅದರ ಮೇಲೆ ರೆಕ್ಕೆ ಬಡಿಯದೆ ಸುತ್ತುತ್ತವೆ. ಗಾಳಿಕುನ್ನಿ ಅಂತ ಹೆಸರಿಟ್ಟು ಆ ಗಾಳಿಯನ್ನೇ ಬಿಟ್ಟರೆ ಹೇಗೆ?

ಕಿನ್ನಾಳ ರಸ್ತೆ:
ಸರ, ನಾನು ಅರ್ಧ ಗಂಟೆ ಸುಮ್ಮನೆ ಕೂತುಬಿಟ್ಟೆ. ನೀವು ಅಂಟಿಸಿದ ಹಾಗಿದೆ ಅಂದಿರಲ್ಲ, ಅದು ಪೂರ್ತಿ ನಿಜ. ನಾನು ಚಿಕ್ಕವಳಿದ್ದಾಗಿನಿಂದ ನೋಡಿದ್ದು ಕಿನ್ನಾಳದ ಗರುಡ, ಬಣ್ಣದ ಮರದ ಗೊಂಬೆ. ಅದರಲ್ಲಿ ರೆಕ್ಕೆ ಬೇರೆ ಮಾಡಿ ಆಮೇಲೆ ಮೈಗೆ ಕೂಡಿಸುತ್ತಾರೆ. ಗೋಣಿನಾರು, ಮರದ ಹೊಟ್ಟು, ಹುಣಸೆಬೀಜದ ಅಂಟು. ನನ್ನ ಕೈಗೂ ಅದೇ ಬಂದಿದೆ. ಕುನ್ನಿಗೆ ಹುಣಸೆ ಅಂಟಿನ ರೆಕ್ಕೆ!

ಬಿಸಿಗಾಳಿಯ ಮಾತು ತಗೊಂಡೆ, ಈಗಲೇ ಬದಲಾಯಿಸುತ್ತೇನೆ. ಇನ್ನು ಮೇಲೆ ಗಾಳಿಕುನ್ನಿ ಬೆಳಿಗ್ಗೆ ಸೋಮಾರಿ, ಹನ್ನೊಂದು ಗಂಟೆ ತನಕ ಬಂಡೆ ಮೇಲೆ ಹೊಟ್ಟೆ ಹಚ್ಚಿ ಬಿದ್ದಿರುತ್ತದೆ. ಬಂಡೆ ಕಾದ ಮೇಲೆ ಎದ್ದು ಅಂಚಿಗೆ ಬಂದು ಸುಮ್ನೆ ರೆಕ್ಕೆ ಬಿಚ್ಚುತ್ತದೆ, ಗಾಳಿಯೇ ಎತ್ತಿಕೊಂಡು ಹೋಗುತ್ತದೆ. ಮಳೆಗಾಲದಲ್ಲಿ ನಡೆದುಕೊಂಡೇ ಓಡಾಡಬೇಕು, ಅದಕ್ಕೇ ಸಿಟ್ಟು. ಎದೆ ದಪ್ಪ ಮಾಡುತ್ತೇನೆ. ನಾಲ್ಕು ಕಾಲು ಎರಡು ರೆಕ್ಕೆ ಮಾತ್ರ ಬಿಡಲ್ಲ.

ಹಕ್ಕಿ ನೋಡುವವ:
ಮಳೆಗಾಲದಲ್ಲಿ ಸಿಟ್ಟು, ಇದು ಒಳ್ಳೇದು.

ಪರದೆ ಹಿಂದೆ:
ತೊಗಲು ರೆಕ್ಕೆಯ 5ನೇದರ ಬಗ್ಗೆ ಹೇಳಲೇ? ಅದನ್ನು ಬರೀ ಕಂದು ಬಣ್ಣ ಹಚ್ಚಿ ಬಿಟ್ಟಿದ್ದೀರಿ. ತೊಗಲು ಅಂದರೆ ಬೆಳಕು ಒಳಗಿಂದ ಬರಬೇಕು. ನಮ್ಮ ಕಡೆ ತೊಗಲುಗೊಂಬೆ ನೋಡಿಲ್ವಾ? ಆಡಿನ ಚರ್ಮವನ್ನು ತೆಳ್ಳಗೆ ಹದ ಮಾಡಿ, ಬಣ್ಣ ಹಾಕಿ, ಉಳಿಯಿಂದ ಸಣ್ಣ ಸಣ್ಣ ತೂತು ಹೊಡೆಯುತ್ತಾರೆ. ಕೈಯಲ್ಲಿ ಹಿಡಿದರೆ ಒಣ ಹಪ್ಪಳದ ಹಾಗೆ ಇರುತ್ತದೆ, ಕೆಂಪೂ ಮಬ್ಬು, ಹಸಿರೂ ಮಬ್ಬು. ದೀಪದ ಮುಂದೆ ಹಿಡಿದಾಗಲೇ ಕೆಂಪು ಕೆಂಪಾಗುವುದು, ಆ ತೂತುಗಳೆಲ್ಲ ಒಡವೆ ಆಗುವುದು. ಕೊಪ್ಪಳ ತಾಲ್ಲೂಕಿನ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಿದ್ದು ಇದೇ ಕಲೆಗೆ. ಕುನ್ನಿ ಬಿಸಿಲಿಗೆ ಅಡ್ಡ ಹಾರುವಾಗ ಕೆಳಗೆ ನಿಂತವನಿಗೆ ಅದರ ರೆಕ್ಕೆ ಹಾಗೆ ಕಾಣಬೇಕು. ನೆಲಕ್ಕೆ ಇಳಿದ ಮೇಲೆ ಮತ್ತೆ ಮಾಮೂಲಿ ಕಂದು ನಾಯಿ.

ಕಿನ್ನಾಳ ರಸ್ತೆ:
ಅಣ್ಣಾ, ನಿಮ್ಮ ಮಾತು ಓದಿ 5ನೇದನ್ನು ದತ್ತುಪಟ್ಟಿಯಿಂದ ವಾಪಸ್ ತೆಗೆದೆ. ಮತ್ತೆ ಬರೆಯುತ್ತೇನೆ. ಬೆಳಕಿಗೆ ಬೇರೆ ಲೇಯರ್, ಅಂದರೆ ಇನ್ನೊಂದು ಪದರ ಮಾಡಬೇಕು, ನಾನು ಬರೆಯುವುದು ಇಬಿಸ್ ಪೇಂಟ್ ಅನ್ನುವ ಆ್ಯಪ್‌ನಲ್ಲಿ, ಅದೂ ಹಳೇ ಫೋನು. ಲೇಯರ್ ಜಾಸ್ತಿ ಆದರೆ ಫೋನೇ ಬಂಡೆ ಥರ ಕಾಯುತ್ತದೆ.

ಹಡಗಲಿ ಕಡೆಯವ:
ಎಲ್ಲ ಸರಿ, ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಮುಚ್ಚಿದ ತಳಿ ಅಂತೀರಲ್ಲ, ರೆಕ್ಕೆ ಇರುವ ನಾಯಿಯನ್ನು ಯಾರಾದರೂ ಮುಚ್ಚಿಡಲು ಆಗುತ್ತಾ? ನಮ್ಮ ಗುಡಿಗಳ ಕಂಬ ನೋಡಿ. ಹಂಪಿಯ ವಿಠ್ಠಲ ಗುಡಿಯಲ್ಲಿ ಸಿಂಹದ ಮೈಯ ಯಾಳಿಗಳು ಸಾಲಾಗಿ ನಿಂತಿವೆ. ಶರಭ ಅಂದರೆ ಅರ್ಧ ಸಿಂಹ ಅರ್ಧ ಹಕ್ಕಿ. ಎರಡು ತಲೆಯ ಗಂಡಭೇರುಂಡ ನಮ್ಮ ರಾಜ್ಯದ ಲಾಂಛನದಲ್ಲೇ ಇದೆ. ಇವನ್ನೆಲ್ಲ ಕಡೆದ ಯಾವ ಶಿಲ್ಪಿಯೂ ಇದು ನನ್ನ ತಳಿ, ಕೇಳದೆ ಕಡೆಯಬೇಡಿ ಅಂದಿಲ್ಲ. ಅಂದಿದ್ದರೆ ಎರಡನೇ ಗುಡಿಯಲ್ಲಿ ಏನು ಇರುತ್ತಿತ್ತು?

ನಾಯಿಯ ವಿಷಯಕ್ಕೆ ಬಂದರೆ ನಮ್ಮ ಮೈಲಾರ ಇದೆ. 2021ಕ್ಕೆ ಮೊದಲು ಬಳ್ಳಾರಿ ಜಿಲ್ಲೆಯಲ್ಲೇ ಇತ್ತು, ಈಗ ವಿಜಯನಗರ. ಅಲ್ಲಿ ಗೊರವಪ್ಪಗಳು ಕರಿ ಕಂಬಳಿ ಹೊದ್ದು ದೋಣಿ ಅನ್ನುವ ಪಾತ್ರೆಯಲ್ಲಿ ಹಾಲು ಬಾಳೆಹಣ್ಣು ಹಾಕಿಸಿಕೊಂಡು ನಾಯಿಯ ಹಾಗೆ ಬೊಗಳುತ್ತಾ ಬಾಯಿ ಹಾಕಿ ತಿನ್ನುತ್ತಾರೆ. ಮೈಲಾರಲಿಂಗನ ನಾಯಿಗಳು ಅವರು. ನನ್ನ ಅಜ್ಜನೂ ಗೊರವ. ಚಿಕ್ಕವನಿದ್ದಾಗ ನನಗೆ ನಾಚಿಕೆ ಆಗುತ್ತಿತ್ತು, ಈಗ ಇಲ್ಲ. ನಾಯಿ ಅಂದರೆ ಯಾರ ಸ್ವತ್ತೂ ಅಲ್ಲ ನೋಡಿ, ಅದು ತಾನೇ ಯಾರ ಹಿಂದೆ ಹೋಗಬೇಕು ಅಂತ ನೋಡಿಕೊಳ್ಳುತ್ತದೆ.

ಕಿನ್ನಾಳ ರಸ್ತೆ:
ನೀವು ಹೇಳಿದ್ದು ಕೇಳಲು ಚಂದ. ಆದರೆ ನನಗೆ ಆಗಿದ್ದು ಕೇಳಿ. ಹೋದ ವರ್ಷ ನಾನು ಒಂದು ಕುನ್ನಿಯನ್ನು ಪುಕ್ಕಟೆ ಕೊಟ್ಟೆ, ಹೆಸರು ಬೇಡ. ತಗೊಂಡವರು ಚಿತ್ರವನ್ನು ಎಡಬಲ ತಿರುಗಿಸಿ, ಬಣ್ಣ ಬದಲಾಯಿಸಿ, ನನ್ನ ಸಹಿ ಒರೆಸಿ, ಬೇರೆ ಕಡೆ ತಮ್ಮದೇ ತಳಿ ಅಂತ ಮಾರಿದರು. ಒಂದಲ್ಲ, ಐದು. ನನಗೆ ಹೇಗೆ ಗೊತ್ತಾಯಿತು ಗೊತ್ತಾ? ಹಿಂಗಾಲಿನ ಒಂದು ಬೆರಳು. ಅವತ್ತು ಬರೆಯುವಾಗ ಕರೆಂಟ್ ಹೋಗಿ, ಬೆವರಿಗೆ ಬೆರಳು ಜಾರಿ, ಒಂದು ಉಗುರು ಎರಡು ಆಗಿತ್ತು. ಇರಲಿ ಅಂತ ಹಾಗೇ ಬಿಟ್ಟಿದ್ದೆ. ಆ ಐದು ಕುನ್ನಿಗೂ ಅದೇ ಎರಡು ಉಗುರು. ನಾನು ಕೇಳಿದ್ದಕ್ಕೆ, ರೆಕ್ಕೆ ನಾಯಿ ಯಾರಪ್ಪನದೂ ಅಲ್ಲ ಅಂದರು. ಶಿಲ್ಪಿ ಎರಡನೇ ಗುಡಿಯಲ್ಲಿ ಮತ್ತೆ ಕಡೆಯುತ್ತಾನೆ ಅಣ್ಣಾ, ಮೊದಲ ಗುಡಿಯ ಕಂಬ ಕಿತ್ತು ತಂದು ನಿಲ್ಲಿಸುವುದಿಲ್ಲ.

ಹಡಗಲಿ ಕಡೆಯವ:
ಇದು ಗೊತ್ತಿರಲಿಲ್ಲ. ಅದು ಕಳ್ಳತನವೇ, ಅದರಲ್ಲಿ ಎರಡು ಮಾತಿಲ್ಲ ತಂಗಿ.

ಮೂರನೇ ಸೆಮಿಸ್ಟರ್:
ನಾನು ರಾಯಚೂರಲ್ಲಿ ಕಾನೂನು ಓದುತ್ತಿರುವವಳು, ಇನ್ನೂ ವಕೀಲೆ ಅಲ್ಲ, ಹಾಗಾಗಿ ಫೀಸ್ ಇಲ್ಲ. ಇಬ್ಬರೂ ಸರಿ ಇದ್ದೀರಿ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಬರೀ ಕಲ್ಪನೆಗೆ ರಕ್ಷಣೆ ಇಲ್ಲ. ರೆಕ್ಕೆ ಇರುವ ನಾಯಿ, ಕಲ್ಲುಮನೆಯಲ್ಲಿ ಮಲಗುತ್ತದೆ, ಇಷ್ಟನ್ನು ಯಾರು ಬೇಕಾದರೂ ತಗೊಳ್ಳಬಹುದು. ಆದರೆ ಅಕ್ಕ ಬರೆದ ಆ ಚಿತ್ರ, ಆ ಎರಡು ಉಗುರು, ಅದು ಅವರದು. ಅವರು ಇರುವ ತನಕ, ಆಮೇಲೆ ಇನ್ನೂ 60 ವರ್ಷ. ತಿರುಗಿಸಿ ಬಣ್ಣ ಬಳಿದರೆ ಅದು ಹೊಸದಾಗುವುದಿಲ್ಲ. ಕ್ಲೋಸ್ಡ್ ಸ್ಪೀಷೀಸ್ ಅನ್ನುವುದು ಈ ಆಟದವರ ಒಪ್ಪಂದ, ಕೋರ್ಟಿನ ಮಾತಲ್ಲ.

ಅಕ್ಕಾ, ನಿಮಗೆ ಒಂದು ವಿಷಯ. ದತ್ತು ಕೊಟ್ಟಾಗ ಹಕ್ಕು ಎಲ್ಲ ನಿಮ್ಮದೇ ಅಂತ ಬರೆಯುತ್ತೀರಲ್ಲ, ಆ ಹಕ್ಕು ಬಾಯಿಮಾತಿಗೆ ಹೋಗುವುದಿಲ್ಲ. ಬರೆದು ಸಹಿ ಮಾಡಿ ಕೊಡಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ 5 ವರ್ಷ ಅಂತ ಲೆಕ್ಕ. ಎಲ್ಲಿಗೆ ಅಂತ ಬರೆಯದಿದ್ದರೆ ಭಾರತದ ಒಳಗೆ ಮಾತ್ರ ಅಂತ ಲೆಕ್ಕ. ಇದು 19ನೇ ಸೆಕ್ಷನ್. ಅಂದರೆ ಚುರುಮುರಿ 5 ವರ್ಷ ಆದಮೇಲೆ ಗುಡ್ಡಕ್ಕೆ ವಾಪಸ್ ಹೋಗಬಹುದು, ಹುಷಾರು. ಮತ್ತೆ 57ನೇ ಸೆಕ್ಷನ್ ಪ್ರಕಾರ ಹಕ್ಕು ಕೊಟ್ಟ ಮೇಲೂ ಬರೆದವಳು ನೀವೇ ಅಂತ ಹೇಳಿಕೊಳ್ಳುವ ಹಕ್ಕು ನಿಮಗೇ ಇರುತ್ತದೆ.

ಸಿಂಧನೂರು ಸೋನಾ:
ಅಯ್ಯೋ ಚುರುಮುರಿ ಎಲ್ಲಿಗೂ ಹೋಗಲ್ಲ! ಅಕ್ಕಾ ಬರೆದು ಕೊಡಿ ಪ್ಲೀಸ್, ವರ್ಷ ಹಾಕಿ, 100 ಅಂತ ಹಾಕಿ.

ತುಂಬಿದ ಕಾಲುವೆ:
ಕಿನ್ನಾಳದ ಗೊಂಬೆಗೆ ಜಿಐ, ಅಂದರೆ ಊರಿನ ಹೆಸರಿನ ಕಾನೂನು ಗುರುತು ಇದೆಯಲ್ಲ, ಹಾಗೇ ಗಾಳಿಕುನ್ನಿಗೂ ಮಾಡಿಸಿದರೆ?

ಮೂರನೇ ಸೆಮಿಸ್ಟರ್:
ಆಗಲ್ಲ ಅಣ್ಣಾ. ಜಿಐ ಒಬ್ಬರ ಸ್ವತ್ತಲ್ಲ, ಆ ಊರಿನ, ಆ ಕೆಲಸ ಮಾಡುವ ಎಲ್ಲರದು. ಕಿನ್ನಾಳದ ಯಾವ ಚಿತ್ರಗಾರರ ಮನೆಯವರೂ ಗರುಡ ಮಾಡಬಹುದು, ಪಕ್ಕದ ಮನೆಯವರನ್ನು ಕೇಳಬೇಕಾಗಿಲ್ಲ.

ನಾಲ್ಕನೇ ತರಗತಿ:
ನಾನು ಯಲಬುರ್ಗಾ ಕಡೆ ಸರ್ಕಾರಿ ಶಾಲೆ ಟೀಚರ್. ಮೊದಲೇ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಹೋದ ಶನಿವಾರ ಗಾಳಿಕುನ್ನಿ ಚಿತ್ರವನ್ನು ಮೊಬೈಲಿನಲ್ಲಿ ಮಕ್ಕಳಿಗೆ ತೋರಿಸಿದೆ. ನಿಯಮ ಓದಿರಲಿಲ್ಲ. ಸೋಮವಾರ ಬಂದಾಗ ಯಾರೂ ಹೇಳದೆ ಹನ್ನೊಂದು ಮಕ್ಕಳು ತಮ್ಮ ತಮ್ಮ ಕುನ್ನಿ ಬರೆದುಕೊಂಡು ಬಂದಿದ್ದರು. ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ, ಲೆಕ್ಕದ ಪುಸ್ತಕದಲ್ಲಿ, ಒಬ್ಬ ಕ್ಯಾಲೆಂಡರ್ ಹಿಂಬದಿಯಲ್ಲಿ. ಒಂದಕ್ಕೆ ಕೆಚ್ಚಲು ಇದೆ, ಯಾಕೋ ಅಂದರೆ ಮತ್ತೆ ಮರಿ ಏನು ಕುಡಿಯಬೇಕು ಟೀಚರ್ ಅಂದ. ಒಂದು ಮಿರ್ಚಿ ಮಾತ್ರ ತಿನ್ನುತ್ತದೆ, ಮಂಡಾಳ ಒಗ್ಗರಣೆ ಕೊಟ್ಟರೆ ಮೂಸಿ ನೋಡಿ ಬಿಡುತ್ತದೆ. ಒಬ್ಬಳು ರೆಕ್ಕೆಯನ್ನು ಬಣ್ಣ ಹಚ್ಚದೆ ಬಿಟ್ಟಿದ್ದಳು. ಕೇಳಿದರೆ, ಬಣ್ಣ ಮುಗಿದಿಲ್ಲ ಟೀಚರ್, ಇದು ಕೆಲಸಕ್ಕೆ ಹೋಗಿದೆ, ರೆಕ್ಕೆ ತುಂಬ ಸಿಮೆಂಟ್ ಧೂಳು ಅಂದಳು. ಅವಳ ಅಪ್ಪ ಅವ್ವ ದುಡಿಯಲು ಬೆಂಗಳೂರಿಗೆ ಹೋಗಿದ್ದಾರೆ, ಅವಳು ಅಜ್ಜಿ ಹತ್ತಿರ ಇದ್ದಾಳೆ. ಆ ಕುನ್ನಿ ಹಬ್ಬಕ್ಕೆ ಹಾರಿ ಬರುತ್ತದಂತೆ, ಬಸ್ ಚಾರ್ಜ್ ಬೇಕಾಗಿಲ್ಲ ಅಂತ.

ಈಗ ನಿಮ್ಮ ನಿಯಮ ಓದಿದೆ. ಕೇಳದೆ ಯಾರೂ ಮಾಡುವ ಹಾಗಿಲ್ಲ ಅಂತ ಇದೆ. ಹನ್ನೊಂದು ಆಗಿಬಿಟ್ಟಿವೆ, ನಾಳೆಗೆ ಇನ್ನೂ ಆಗುತ್ತವೆ. ಏನು ಮಾಡಲಿ ಹೇಳಿ ಮೇಡಂ. ಬೇಡ ಅಂದರೆ ಮಕ್ಕಳಿಗೆ ಬೇರೆ ಹೆಸರು ಇಡಲು ಹೇಳುತ್ತೇನೆ.

ಹಡಗಲಿ ಕಡೆಯವ:
ಸಿಮೆಂಟ್ ಧೂಳು.

ಬಳ್ಳಾರಿ ಬಿಸಿಲು:
ಬೇರೆ ಹೆಸರು ಯಾಕ್ರಿ ಟೀಚರ್. ಈ ನಿಯಮ ಮಾಡಿದವರಿಗೂ ಇದು ಗೊತ್ತಾಗಲಿ ಸ್ವಲ್ಪ.

ತುಂಬಿದ ಕಾಲುವೆ:
ಬಿಸಿಲಣ್ಣ ಸುಮ್ನಿರಿ. ಒಂದು ಮಾತು, ಹೀಗೆ ತೆರೆದುಬಿಟ್ಟರೆ ಅಪರೂಪ ಅನ್ನುವುದಕ್ಕೆ ಅರ್ಥ ಇರಲ್ಲ. ನಾಳೆ ಎಲ್ಲರೂ ಹಟ್ಟಿ ಚಿನ್ನದ ಬಣ್ಣವೇ ಬಳಿಯುತ್ತಾರೆ. ದುಡ್ಡು ಕೊಟ್ಟು ತಗೊಂಡವರ ಗತಿ? ಹೋದ ಸಲ ನಾನೂ ಕೊಟ್ಟಿದ್ದೇನೆ. ಹೊರಗಿನವರು ಇದಕ್ಕೆ ಎಂವೈಒ ಅಂತ ದಾರಿ ಮಾಡಿಕೊಂಡಿದ್ದಾರೆ, ನಿಮ್ಮದನ್ನು ನೀವೇ ಮಾಡಿ ಅಂತ ಒಂದು ಚೀಟಿ ಕೊಡುತ್ತಾರೆ. ಚೀಟಿ ಇದ್ದವರು ಸಾಮಾನ್ಯ ಗುಣಗಳನ್ನು ಮಾತ್ರ ಬಳಸಿ ಒಂದು ಮಾಡಬಹುದು. ಮಕ್ಕಳಿಗೆ ಅಂಥ ಚೀಟಿ ಕೊಡಿ, ಸಾಕು.

ಕಿನ್ನಾಳ ರಸ್ತೆ:
ನಿನ್ನೆ ರಾತ್ರಿಯಿಂದ ಉತ್ತರ ಬರೆದು ಅಳಿಸಿ ಬರೆದು ಅಳಿಸಿ ಮಾಡುತ್ತಿದ್ದೇನೆ. ಮೊದಲು ಚೀಟಿ ಒಳ್ಳೇದು ಅನ್ನಿಸಿತು. ಆಮೇಲೆ ಅಂದುಕೊಂಡೆ, ಸಿಮೆಂಟ್ ಧೂಳು ಸಾಮಾನ್ಯ ಗುಣವೋ ಅಪರೂಪದ್ದೋ? ನನ್ನ ಪಟ್ಟಿಯಲ್ಲಿ ಅದು ಎಲ್ಲೂ ಇಲ್ಲ. ನನಗೆ ಹೊಳೆದೇ ಇಲ್ಲ ಅದು. ಮೊರೇರ ಗುಡ್ಡದ ಮೇಲೆ ಕೂರಿಸಿದೆ, ಗುಡ್ಡದ ಕೆಳಗಿನವರು ಎಲ್ಲಿ ಹೋಗಿದ್ದಾರೆ ಅಂತ ನೋಡಲಿಲ್ಲ.

ಹಾಗಾಗಿ ಹೀಗೆ ಮಾಡಿದ್ದೇನೆ. ಗಾಳಿಕುನ್ನಿ ತಳಿ ಇವತ್ತಿನಿಂದ ತೆರೆದಿದೆ. ಯಾರು ಬೇಕಾದರೂ ತಮಗೆ ಒಂದು ಮಾಡಿಕೊಳ್ಳಬಹುದು, ಆದರೆ ಕೈಯಿಂದ ತಾವೇ ಬರೆಯಬೇಕು. ನನ್ನ ಚಿತ್ರದ ಮೇಲೆ ಬಣ್ಣ ಬಳಿದು ತಂದರೆ ಜಗಳ ಆಗುತ್ತದೆ, ಎರಡು ಉಗುರು ಎಣಿಸುತ್ತೇನೆ. ಬೇರೆಯವರು ಮಾಡಿದ ಕುನ್ನಿಯನ್ನು ಮಾರುವ ಹಾಗಿಲ್ಲ. ಮಾಸ್ಟರ್‌ಲಿಸ್ಟ್ ಇರುತ್ತದೆ, ಅದರಲ್ಲಿ ನನ್ನವು ಮಾತ್ರ. ಹಟ್ಟಿ ಚಿನ್ನ ಎಲ್ಲರೂ ಬಳಿಯುತ್ತಾರೆ ಅಂದರೆ ಬಳಿಯಲಿ, ನಮ್ಮ ಕಡೆ ಚಿನ್ನ ಅಂದರೆ ಹಟ್ಟಿಯೇ, ಆಸೆ ಇರುತ್ತದೆ. ಕಾಲುವೆ ಅಣ್ಣಾ, ನಿಮಗೆ ದುಡ್ಡು ವಾಪಸ್ ಬೇಕಾದರೆ ಕೊಡುತ್ತೇನೆ, ಕುನ್ನಿ ನಿಮ್ಮ ಹತ್ತಿರವೇ ಇರಲಿ.

ಟೀಚರ್, ಆ ಹುಡುಗಿಯ ಚಿತ್ರ ನೋಡಬಹುದಾ? ಅವಳು ಹೂಂ ಅಂದರೆ ಮಾತ್ರ. ಕೆಚ್ಚಲಿನದೂ ಬೇಕು.

ತುಂಬಿದ ಕಾಲುವೆ:
ದುಡ್ಡು ಬೇಡ ಬಿಡಿ. ನನಗೆ ಇದು ಪೂರ್ತಿ ಒಪ್ಪಿಗೆ ಇಲ್ಲ, ಆರು ತಿಂಗಳಲ್ಲಿ ಇಲ್ಲಿ ಗಲಾಟೆ ಆಗುತ್ತದೆ, ಆಗ ನೆನಪಿಸುತ್ತೇನೆ. ಹಕ್ಕುಪತ್ರ ಮಾತ್ರ ವರ್ಷ ಹಾಕಿ ಕಳಿಸಿ.

ನಾಲ್ಕನೇ ತರಗತಿ:
ಅವಳನ್ನು ಕೇಳಿದೆ. ಫೋಟೋ ತೆಗೆಯಿರಿ, ಹಾಳೆ ಕೊಡಲ್ಲ ಅಂದಳು. ಅಪ್ಪ ಬಂದಾಗ ತೋರಿಸಬೇಕಂತೆ. ಕೆಚ್ಚಲಿನ ಹುಡುಗ ಇಪ್ಪತ್ತು ರೂಪಾಯಿ ಕೇಳುತ್ತಿದ್ದಾನೆ.

ಮೂರನೇ ಸೆಮಿಸ್ಟರ್:
ಅವನೇ ನಿಜವಾದ ಕಲಾವಿದ. ಕೊಡಿ ಅಕ್ಕಾ, ಆದರೆ ಬರೆಸಿಕೊಳ್ಳಿ.

ಬಳ್ಳಾರಿ ಬಿಸಿಲು:
ಆ ಹಾರುಬೂದಿ ಬಣ್ಣದ 2ನೇದು ಯಾರಾದರೂ ತಗೊಂಡರಾ? 300ದು. ಸುಮ್ನೆ ಕೇಳಿದೆ.